ಅಜೀಂ ಪ್ರೇಮ್‌ಜಿ: ಉದ್ಯಮ, ದಾನ ಮತ್ತು ಸರ್ಕಾರ

ಅಜೀಂ ಪ್ರೇಮ್‌ಜಿ ಅವರನ್ನು ಕುರಿತ ಬರಹಗಳಲ್ಲಿ ಬಹುಪಾಲು ಒಬ್ಬ ವ್ಯಕ್ತಿಯ ಛಲದ ಕಥನಗಳು. ಅವರ ಬದುಕಿನ ತಿರುವುಗಳನ್ನು ಕಾಲಾನುಕ್ರಮದಲ್ಲಿಟ್ಟು ನೋಡಿದಾಗ ಸರ್ಕಾರದ ಪಾತ್ರ ಎದ್ದು ಕಾಣುತ್ತದೆ. ವಿಪ್ರೊ ಕಂಪ್ಯೂಟರ್ ಉದ್ಯಮಕ್ಕೆ ಕಾಲಿಟ್ಟದ್ದು ಸರ್ಕಾರಿ ನೀತಿ ತೆರೆದ ದಾರಿಯಲ್ಲಿ. ಆ ಉದ್ಯಮದಿಂದ ಬಂದ ಸಂಪತ್ತು ಮುಂದೆ ಹರಿದದ್ದು ಸರ್ಕಾರಿ ಶಾಲೆಗಳತ್ತ. ಈ ಎರಡು ಘಟ್ಟಗಳನ್ನು ಒಟ್ಟಿಗೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಮಳನೇರದ ಕಾರ್ಖಾನೆ

ಪ್ರೇಮ್‌ಜಿ ಹುಟ್ಟಿದ್ದು 1945ರ ಜುಲೈ 24ರಂದು, ಮುಂಬಯಿಯಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ತಂದೆ ಮಹಮ್ಮದ್ ಹಾಶಂ ಪ್ರೇಮ್‌ಜಿ ‘ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್’ ಕಂಪನಿ ಆರಂಭಿಸಿದರು. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಳನೇರದಲ್ಲಿದ್ದ ಕಾರ್ಖಾನೆಯಲ್ಲಿ ವನಸ್ಪತಿಯೂ ಬಟ್ಟೆ ಸೋಪೂ ತಯಾರಾಗುತ್ತಿದ್ದವು. 1966ರ ಆಗಸ್ಟ್‌ನಲ್ಲಿ ತಂದೆ ತೀರಿಕೊಂಡಾಗ ಅಜೀಂ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ. ಓದನ್ನು ಅರ್ಧಕ್ಕೆ ಬಿಟ್ಟು ಬಂದು, 21ನೆಯ ವಯಸ್ಸಿನಲ್ಲಿ ಕಂಪನಿಯ ಹೊಣೆ ಹೊತ್ತರು. 70ರ ದಶಕದಲ್ಲಿ ಹೈಡ್ರಾಲಿಕ್ ಸಿಲಿಂಡರ್‌ಗಳ ತಯಾರಿಕೆಯೂ ಸೇರಿಕೊಂಡಿತು. 1977ರಲ್ಲಿ ಕಂಪನಿಗೆ ವಿಪ್ರೊ ಎಂಬ ಹೆಸರು ಬಂತು.

ಐಬಿಎಂ ತೆರವು ಮಾಡಿದ ಜಾಗ

1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆಯ ಪ್ರಕಾರ ವಿದೇಶಿ ಕಂಪನಿಗಳು ತಮ್ಮ ಭಾರತೀಯ ಘಟಕಗಳಲ್ಲಿನ ಪಾಲನ್ನು ಸಾಮಾನ್ಯವಾಗಿ ಶೇ 40ಕ್ಕೆ ಇಳಿಸಬೇಕಿತ್ತು. ಜನತಾ ಸರ್ಕಾರದ ಕೈಗಾರಿಕಾ ಸಚಿವ ಜಾರ್ಜ್ ಫರ್ನಾಂಡಿಸ್ ಪಟ್ಟು ಸಡಿಲಿಸಲಿಲ್ಲ. ಐಬಿಎಂ ಒಪ್ಪದೆ 1978ರಲ್ಲಿ ದೇಶ ಬಿಟ್ಟಿತು. ಆಮದಿಗೆ ಬಿಗಿ ನಿರ್ಬಂಧವಿದ್ದ ಆ ಕಾಲದಲ್ಲಿ ಹೀಗೆ ತೆರವಾದ ಮಾರುಕಟ್ಟೆಗೆ ದೇಶೀ ತಯಾರಕರು ಇಳಿದರು. ವಿಪ್ರೊ ಅವರಲ್ಲೊಂದು.

ಅದು ನೆಲೆಯಾಗಿ ಆರಿಸಿಕೊಂಡದ್ದು ಬೆಂಗಳೂರನ್ನು. ಎಚ್‌ಎಎಲ್, ಬಿಇಎಲ್, ಐಟಿಐ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಗಳಿಂದಾಗಿ ಇಲ್ಲಿ ತಾಂತ್ರಿಕ ಪರಿಣತರ ಒಂದು ಪೀಳಿಗೆಯೇ ಬೆಳೆದಿತ್ತು. ಸಂಶೋಧನಾ ತಂಡ ಕಟ್ಟಿದ ಶ್ರೀಧರ್ ಮಿತ್ತ ಕೂಡ ಸಾರ್ವಜನಿಕ ವಲಯದ ಇಸಿಐಎಲ್‌ನಿಂದ ಬಂದವರು. ಇಂಟೆಲ್ 8086 ಆಧಾರಿತ ಮೊದಲ ಮಿನಿಕಂಪ್ಯೂಟರ್ 1981ರಲ್ಲಿ ಹೊರಬಂತು. 1991ರ ಉದಾರೀಕರಣ ಆಮದು ನಿರ್ಬಂಧದ ರಕ್ಷಣೆಯನ್ನು ಕಿತ್ತುಹಾಕಿದಾಗ, ಯಂತ್ರ ವಿನ್ಯಾಸದಲ್ಲಿ ಪಳಗಿದ್ದ ಎಂಜಿನಿಯರ್‌ಗಳ ಕೌಶಲವನ್ನೇ ವಿಪ್ರೊ ವಿದೇಶಿ ಕಂಪನಿಗಳಿಗೆ ಸೇವೆಯಾಗಿ ಮಾರತೊಡಗಿತು. 2000ದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆ ಪ್ರವೇಶಿಸಿತು.

ದಾನದ ಸ್ವರೂಪ

ಅಜೀಂ ಪ್ರೇಮ್‌ಜಿ ಫೌಂಡೇಶನ್ ರೂಪುಗೊಂಡದ್ದೂ ಅದೇ ಹೊತ್ತಿಗೆ. ಪ್ರೇಮ್‌ಜಿ 2013ರಲ್ಲಿ, ಸಂಪತ್ತಿನ ಬಹುಪಾಲನ್ನು ದಾನ ಮಾಡುವ ವಾಗ್ದಾನವಾದ ‘ಗಿವಿಂಗ್ ಪ್ಲೆಜ್’ಗೆ ಸಹಿ ಹಾಕಿದ ಮೊದಲ ಭಾರತೀಯರಾದರು. 2019ರ ಮಾರ್ಚ್‌ನಲ್ಲಿ ವಿಪ್ರೊದ ಇನ್ನೂ ಶೇ 34ರಷ್ಟು ಷೇರುಗಳ ಆರ್ಥಿಕ ಪ್ರಯೋಜನವನ್ನು ದತ್ತಿಗೆ ಬಿಟ್ಟುಕೊಟ್ಟರು. ಅದರೊಂದಿಗೆ ದತ್ತಿಯ ಪಾಲು ಶೇ 67ಕ್ಕೆ ಏರಿತು. ಒಟ್ಟು ದಾನದ ಮೌಲ್ಯ ಸುಮಾರು 1.45 ಲಕ್ಷ ಕೋಟಿ ರೂಪಾಯಿ. ವರಮಾನದ ಒಂದಂಶವನ್ನಲ್ಲ, ವರಮಾನದ ಮೂಲವನ್ನೇ ಕೊಟ್ಟದ್ದು ಇದರ ವಿಶೇಷ. ಹೀಗಾಗಿ ದತ್ತಿಯ ಬಲವೂ ವಿಪ್ರೊದ ಲಾಭಾಂಶಕ್ಕೆ ತಳುಕು ಹಾಕಿಕೊಂಡಿದೆ.

ಹಣದ ಮೊತ್ತಕ್ಕಿಂತ ಅದು ಹರಿದ ಕಾಲುವೆ ಮುಖ್ಯ. ಫೌಂಡೇಶನ್ ಪ್ರಧಾನವಾಗಿ ದುಡಿದದ್ದು ಸರ್ಕಾರಿ ಶಾಲೆಗಳ ಒಳಗೇ. 2002ರಲ್ಲಿ ರಾಜ್ಯ ಸರ್ಕಾರದೊಡನೆ ಈಶಾನ್ಯ ಕರ್ನಾಟಕದಲ್ಲಿ ಕಲಿಕಾ ಖಾತರಿ ಕಾರ್ಯಕ್ರಮ ಆರಂಭವಾಯಿತು. ತಾವಾಗಿ ಮುಂದೆ ಬಂದ ಶಾಲೆಗಳಲ್ಲಿ ಮಕ್ಕಳು ನಿಜಕ್ಕೂ ಏನು ಕಲಿತಿದ್ದಾರೆಂದು ಅಳೆಯುವುದು ಅದರ ತಿರುಳು. ಶಿಕ್ಷಕರೊಡನೆ ದೀರ್ಘಕಾಲ ಕೆಲಸ ನಡೆದ ತಾಣಗಳಲ್ಲಿ ಇಂದಿನ ಯಾದಗಿರಿ ಜಿಲ್ಲೆಯ ಸುರಪುರವೂ ಒಂದು. ಶಿಕ್ಷಣ ಕ್ಷೇತ್ರಕ್ಕೆ ಪರಿಣತರನ್ನು ರೂಪಿಸಲು 2010ರಲ್ಲಿ ರಾಜ್ಯ ಕಾಯ್ದೆಯಡಿ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಶಾಲಾ ಮಕ್ಕಳಿಗೆ ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆಯನ್ನು ಆರು ದಿನಕ್ಕೆ ವಿಸ್ತರಿಸಲು 2024ರಲ್ಲಿ ಫೌಂಡೇಶನ್ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿತು.

ಸಮಾರೋಪ

ನೀತಿ ಅವಕಾಶ ಕೊಟ್ಟಿತು, ಗೆಲುವನ್ನಲ್ಲ. ರಕ್ಷಿತ ಮಾರುಕಟ್ಟೆಯಲ್ಲಿ ಹುಟ್ಟಿದ ಹಲವು ಕಂಪ್ಯೂಟರ್ ಕಂಪನಿಗಳು ಉಳಿಯಲಿಲ್ಲ. ಅಲ್ಲಿ ಪ್ರೇಮ್‌ಜಿ ಅವರ ಆಡಳಿತ ಚಾತುರ್ಯಕ್ಕೆ ತೂಕವಿದೆ. ದಾನದ ವಿಷಯದಲ್ಲಿ ಲೆಕ್ಕ ಬೇರೆ. ಪರ್ಯಾಯ ಶಾಲಾ ಜಾಲ ಕಟ್ಟದೆ ಸರ್ಕಾರಿ ವ್ಯವಸ್ಥೆಯನ್ನೇ ಆರಿಸಿಕೊಂಡದ್ದರಿಂದ ಶಿಕ್ಷಕರ ನೇಮಕ, ವರ್ಗಾವಣೆ, ಪಠ್ಯಕ್ರಮ ಯಾವುದೂ ದಾನಿಯ ಕೈಯಲ್ಲಿಲ್ಲ. ಆದ್ದರಿಂದ ಈ ದಾನದ ಫಲಿತವನ್ನು ಕೋಟಿಗಳಲ್ಲಿ ಅಳೆಯಲಾಗದು. ಅದಕ್ಕೆ ಆಕರ ಕಲ್ಯಾಣ ಕರ್ನಾಟಕದ ಶಾಲೆಗಳ ಹಾಜರಿ ಮತ್ತು ಕಲಿಕೆಯ ದಾಖಲೆಗಳು.