ಕ್ಯಾಮರಾ ಎಲ್ಲಿಡಬೇಕು?

ನರಗುಂದದ ಗುಡ್ಡ ಬಹುದೂರದಿಂದಲೇ ಕಣ್ಣಿಗೆ ಬೀಳುವದು. ಸುತ್ತಲಿನ ಎರೆಯ ಬಯಲಿನಲ್ಲಿ ಅದು ತಲೆಯೆತ್ತಿ ನಿಂತಿದೆ. ಅದರ ಬುಡದಲ್ಲಿ ಆಡಿ ಬೆಳೆದ ಹುಡುಗನನ್ನು 'ಇಲ್ಲಿ ಹಿಂದೆ ಏನು ನಡೆಯಿತು?' ಎಂದು ಕೇಳಿದರೆ ಎರಡು ಸಾಲು ಒಪ್ಪಿಸುವನು: 1858ರಲ್ಲಿ ಬಾಬಾಸಾಹೇಬನು ಬಂಡೆದ್ದನು, ಇಂಗ್ಲಿಷರು ಅವನನ್ನು ಗಲ್ಲಿಗೇರಿಸಿದರು. ಪರೀಕ್ಷೆಗೆ ಇಷ್ಟು ಸಾಕು. ಅದೇ ಹುಡುಗನ ಕೈಗೆ ಕ್ಯಾಮರಾ ಕೊಟ್ಟು 'ಇದನ್ನೇ ಹತ್ತು ನಿಮಿಷದ ಚಿತ್ರ ಮಾಡಿ ತೋರಿಸು' ಎಂದರೆ? ಮೊದಲ ಪ್ರಶ್ನೆಯೇ ಅವನನ್ನು ತಡೆದು ನಿಲ್ಲಿಸುವದು: ಕ್ಯಾಮರಾ ಎಲ್ಲಿಡಬೇಕು?

ಇದು ಯಂತ್ರದ ಪ್ರಶ್ನೆಯಲ್ಲ, ಇತಿಹಾಸದ ಪ್ರಶ್ನೆ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಇಂಗ್ಲಿಷ್ ಅಧಿಕಾರಿ ಮ್ಯಾನ್‌ಸನ್‌ನನ್ನು ಬಾಬಾಸಾಹೇಬನ ಜನ ಕೊಂದರು. ಅವನ ರುಂಡವನ್ನು ನರಗುಂದದ ಅಗಸೆಗೆ ತೂಗಹಾಕಿದರು. ಕೆಲವೇ ದಿನಗಳಲ್ಲಿ ಕೋಟೆ ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲಾಯಿತು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಯ ಪಾಲಾದರು. ಮ್ಯಾನ್‌ಸನ್ನನ ಮೇಣೆಯ ಬಳಿ ಕ್ಯಾಮರಾ ಇಟ್ಟರೆ ಇದೊಂದು ಕೊಲೆಯ ಕಥೆ. ದತ್ತಕಕ್ಕೆ ಅಪ್ಪಣೆ ಸಿಗದೆ ಸಂಸ್ಥಾನವೇ ಕೈಬಿಟ್ಟು ಹೋಗುವದೆಂದು ಕುದಿಯುತ್ತಿದ್ದ ವಾಡೆಯಲ್ಲಿಟ್ಟರೆ ಬೇರೆಯೇ ಕಥೆ. ನದಿಯ ದಂಡೆಯಲ್ಲಿಟ್ಟರೆ ಮೂರನೆಯದು. ಮೂರೂ ಕಡೆಗೆ ನಿಂತು ನೋಡಿದ ಹುಡುಗನು ಆ ಎರಡು ಸಾಲನ್ನು ಮತ್ತೆ ಹಿಂದಿನಂತೆ ಒಪ್ಪಿಸಲಾರ.

ಮಾಡಿ ಕಲಿಯಬೇಕೆಂಬ ಮಾತು ಹೊಸದಲ್ಲ. ಅಮೆರಿಕೆಯಲ್ಲಿ ಕಿಲ್‌ಪ್ಯಾಟ್ರಿಕ್ 1918ರಲ್ಲಿ 'ಪ್ರಾಜೆಕ್ಟ್ ಪದ್ಧತಿ'ಯನ್ನು ವಿವರಿಸಿದನು: ಮಕ್ಕಳು ಮನಸ್ಸಿಟ್ಟು ಒಂದು ಕೆಲಸವನ್ನು ಕೈಕೊಂಡು ಮುಗಿಸಬೇಕು, ಕಲಿಕೆ ಅದರೊಳಗೇ ಆಗಬೇಕು. 1937ರ ಅಕ್ಟೋಬರದಲ್ಲಿ ಗಾಂಧೀಜಿ ವರ್ಧೆಯಲ್ಲಿ ಶಿಕ್ಷಣ ಪರಿಷತ್ತನ್ನು ಕೂಡಿಸಿದರು. ಝಾಕಿರ್ ಹುಸೇನರ ಸಮಿತಿ ಮೂಲಶಿಕ್ಷಣದ ಯೋಜನೆಯನ್ನು ಸಿದ್ಧಪಡಿಸಿತು. ಆಗ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಈ ಸೀಮೆಗೂ ಆ ಗಾಳಿ ಬೀಸಿತು. ತಕಲಿ ಹಿಡಿದ ಮಗು ನೂಲಿನೊಂದಿಗೆ ಲೆಕ್ಕವನ್ನೂ ಭೂಗೋಲವನ್ನೂ ಕಲಿಯಬೇಕೆಂಬದು ಅದರ ಆಶಯ. ಅನೇಕ ಕಡೆಗೆ ನೂಲು ಉಳಿಯಿತು, ಲೆಕ್ಕ ಭೂಗೋಲಗಳು ಜಾರಿಹೋದವು. ಈ ಪಾಠವನ್ನು ನೆನಪಿನಲ್ಲಿಡಬೇಕು.

ಚಲಚ್ಚಿತ್ರದ ದಾರಿ ಬೇರೆಯಾಯಿತು. ಅದನ್ನು ಮಾಡುವ ವಿದ್ಯೆ ನಮ್ಮ ನಾಡಿನಲ್ಲಿ ಬೇಗನೆ ಬಂದಿತು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1940ರ ದಶಕದಲ್ಲಿಯೇ ಛಾಯಾಗ್ರಹಣ ಕಲಿತು ಹೊರಬಿದ್ದ ಮೈಸೂರಿನ ವಿ. ಕೆ. ಮೂರ್ತಿಯವರು 1959ರಲ್ಲಿ ಗುರುದತ್ತರ 'ಕಾಗಜ್ ಕೇ ಫೂಲ್' ಚಿತ್ರೀಕರಿಸಿ ಹೆಸರಾದರು. ಆದರೆ ಅದು ದೊಡ್ಡವರ ಡಿಪ್ಲೊಮಾ. ಮಕ್ಕಳ ಪಾಲಿಗೆ ಬಂದದ್ದು ನೋಡುವದಷ್ಟೇ. 1955ರಲ್ಲಿ ಹುಟ್ಟಿದ ಮಕ್ಕಳ ಚಲಚ್ಚಿತ್ರ ಸಂಸ್ಥೆಯೂ ಮಕ್ಕಳಿಗಾಗಿ ಚಿತ್ರ ಮಾಡಿತು. 1975ರ ಆಗಸ್ಟದಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟೆಲಿವಿಜನ್ ಬಂದಾಗ ಕರ್ನಾಟಕದಲ್ಲಿ ವಿಜಾಪುರ, ರಾಯಚೂರು, ಗುಲಬರ್ಗಾ ಜಿಲ್ಲೆಗಳಿಗೆ ಆ ಭಾಗ್ಯ ದೊರೆಯಿತು. ಗಜೇಂದ್ರಗಡದ ನೆರೆಯ ಬಾದಾಮಿ, ಕುಷ್ಟಗಿಗಳು ಅವುಗಳಲ್ಲೇ ಇದ್ದವು. ಧಾರವಾಡ ಜಿಲ್ಲೆಯ ರೋಣ ಹೊರಗುಳಿಯಿತು. ಅಲ್ಲಿಯೂ ಮುಂಜಾನೆ ಶಾಲೆಯ ಮಕ್ಕಳು ಪೆಟ್ಟಿಗೆಯ ಮುಂದೆ ಕುಳಿತು ನೋಡಿದರು. ಚಿತ್ರ ಮೇಲಿನಿಂದ ಇಳಿದು ಬರುವದು, ಮಗು ಕೆಳಗೆ ಕುಳಿತಿರುವದು — ಇದೇ ಅಂದಿನ ವ್ಯವಸ್ಥೆ.

ಇಂದು ಹಾಗಿಲ್ಲ. ಮನೆಯಲ್ಲಿಯ ಮೊಬೈಲಿನಲ್ಲಿಯೇ ಕ್ಯಾಮರಾ ಇದೆ, ಸಂಕಲನದ ಸಾಧನವೂ ಇದೆ. ಇಲ್ಲದ್ದು ಕೆಲಸವೊಂದೇ. ಕೆಲಸಕ್ಕೆ ಈ ಮೂರು ಊರುಗಳಲ್ಲಿ ಬರವೇ? ರೋಣದ ಮಕ್ಕಳು ಸೂಡಿಗೆ ಹೋಗಿ ಜೋಡು ಕಳಸದ ಗುಡಿಯನ್ನೂ ನಾಗಕುಂಡವನ್ನೂ ನೋಡಬಹುದು. ಕಿಸುಕಾಡನ್ನು ಆಳಿದ ಚಾಲುಕ್ಯರ ಅಕ್ಕಾದೇವಿ ಯಾರೆಂದು ಶಾಸನದಲ್ಲಿ ಹುಡುಕಬಹುದು. ಗಜೇಂದ್ರಗಡದವರು 1787ರಲ್ಲಿ ಟಿಪ್ಪೂ ಮರಾಠರ ನಡುವೆ ಆದ ಒಪ್ಪಂದಕ್ಕೆ ತಮ್ಮೂರ ಹೆಸರೇಕೆ ಬಂದಿತೆಂದು ಕೇಳಬಹುದು. ನರಗುಂದದವರಿಗೆ 1858 ಮಾತ್ರವಲ್ಲ, 1980 ಕೂಡ ಇದೆ. ಮಲಪ್ರಭಾ ನೀರಾವರಿಯ ಕರದ ವಿರುದ್ಧ ರೈತರು ಎದ್ದುನಿಂತ ಆ ವರ್ಷದ ಜುಲೈ 21ರಂದು ಗೋಲಿಬಾರಾಯಿತು. ರೈತರು ಸತ್ತರು, ಪೊಲೀಸರೂ ಸತ್ತರು. ಅಂದು ಅದನ್ನು ಕಣ್ಣಾರೆ ಕಂಡವರು ಊರಿನಲ್ಲಿ ಇನ್ನೂ ಇದ್ದಾರೆ. ಅವರೆದುರು ಮೊಮ್ಮಗಳು ಕ್ಯಾಮರಾ ಹಿಡಿದು ಕುಳಿತು 'ಅಜ್ಜಾ, ಅಂದು ನೀನೆಲ್ಲಿದ್ದಿ?' ಎಂದು ಕೇಳಿದರೆ ಬರುವ ಉತ್ತರ ಯಾವ ಪಠ್ಯದಲ್ಲಿ ಸಿಕ್ಕೀತು? ಒಬ್ಬ ಅಜ್ಜ ಹೇಳಿದ್ದನ್ನು ಇನ್ನೊಬ್ಬ ಅಲ್ಲಗಳೆದಾಗ ಯಾರ ಮಾತನ್ನು ಇಡಬೇಕು, ಯಾರದನ್ನು ಕತ್ತರಿಸಬೇಕು? ಸಂಕಲನದ ಮೇಜಿನ ಮೇಲೆ ಮಕ್ಕಳು ಆಡುವ ಆ ಜಗಳವೇ ನಿಜವಾದ ಇತಿಹಾಸದ ತರಗತಿ.

ಅಪಾಯವಿಲ್ಲವೆಂದಲ್ಲ. ಚಿತ್ರವನ್ನು ಮಾಸ್ತರರೇ ಮಾಡಿ ಮಕ್ಕಳ ಹೆಸರು ಹಾಕಿಬಿಡಬಹುದು. ವಾರ್ಷಿಕೋತ್ಸವದ ದಿನ ಚಪ್ಪಾಳೆಗೆಂದೇ ಕುದುರೆ, ಕತ್ತಿ, ಅಬ್ಬರದ ಸಂಗೀತ ತುಂಬಿ ವಿಚಾರವನ್ನು ಹೊರಗೆ ಹಾಕಬಹುದು. ಹುಡುಗರು ಕ್ಯಾಮರಾ ಹಿಡಿದು ಹುಡುಗಿಯರನ್ನು ಆರತಿ ಹಿಡಿಯಲು ನಿಲ್ಲಿಸಬಹುದು. ತಕಲಿಗೆ ಆದ ಗತಿ ಕ್ಯಾಮರಾಕ್ಕೂ ಆದೀತು: ಸಾಧನ ಉಳಿದು ಶಿಕ್ಷಣ ಜಾರಿಹೋದೀತು. ಇದಕ್ಕೆ ಔಷಧ ಒಂದೇ. ಮುಗಿದ ಚಿತ್ರಕ್ಕಿಂತ, ಅದಕ್ಕಾಗಿ ಮಕ್ಕಳು ಯಾರನ್ನು ಕಂಡರು, ಏನು ಓದಿದರು, ಏನನ್ನು ಏಕೆ ಬಿಟ್ಟರು ಎಂದು ಬರೆದಿಟ್ಟ ವಹಿಗೆ ಹೆಚ್ಚು ಬೆಲೆ ಕೊಡಬೇಕು. ಚಿತ್ರ ಅಲ್ಲಾಡಿದರೆ ಅಲ್ಲಾಡಲಿ.

ನರಗುಂದದ ಕಥೆಯನ್ನು ಮೊದಲು ಕಾಗದಕ್ಕೆ ಇಳಿಸಿದವರಲ್ಲಿ ಗೆದ್ದವರೇ ಮುಂದು. ಅನಂತರ ಪಾಠಪುಸ್ತಕ ಬರೆಯುವವರು ಹೇಳಿದರು. ಗುಡ್ಡದ ಬುಡದ ಮಕ್ಕಳು ಹೇಳುವ ಸರದಿ ಇನ್ನೂ ಬಂದಿಲ್ಲ. ಕ್ಯಾಮರಾ ಎಲ್ಲಿಡಬೇಕೆಂದು ನಾವು ಅವರಿಗೆ ಹೇಳಿಕೊಡುವದು ಬೇಡ. ಎಲ್ಲಿಟ್ಟೆ, ಏಕೆ ಇಟ್ಟೆ ಎಂದು ಆಮೇಲೆ ಕೇಳಿದರೆ ಸಾಕು.