ನಡೆಯದೇ ಹೋದ ಮತದಾನ

ಯಾದಗಿರಿ, ಶಹಾಪುರ, ಸುರಪುರಗಳ ಚುನಾವಣಾ ಇತಿಹಾಸ ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ನಡೆಯದೇ ಹೋದ ಒಂದು ಮತದಾನ. 1948ರ ಜೂನ್‌ನಲ್ಲಿ ನಿಜಾಮರ ಮುಂದಿದ್ದ ಕರಡು ಒಪ್ಪಂದದಲ್ಲಿ, ಹೈದರಾಬಾದು ಭಾರತವನ್ನು ಸೇರಬೇಕೇ ಎಂದು ಜನರನ್ನೇ ಕೇಳುವ ಮಾತಿತ್ತು. ನಿಜಾಮರು ಒಪ್ಪಲಿಲ್ಲ. ಸೆಪ್ಟೆಂಬರ್‌ನಲ್ಲಿ ಸೇನೆ ಬಂತು.

ಅದೇ ವರ್ಷ ಫೆಬ್ರವರಿಯಲ್ಲಿ ಜುನಾಗಢದಲ್ಲಿ ಜನರನ್ನು ಕೇಳಲಾಗಿತ್ತು. ನೋಂದಾಯಿತ 2,01,457 ಮತದಾರರಲ್ಲಿ 1,90,870 ಮಂದಿ ಮತ ಹಾಕಿದರು. ಪಾಕಿಸ್ತಾನಕ್ಕೆ ಬಿದ್ದದ್ದು 91. ನವಾಬರು ಓಡಿಹೋಗಿ, ಆಡಳಿತ ಭಾರತದ ಕೈಗೆ ಬಂದ ಮೇಲಿನ ಮತದಾನವಿದು. ಬಹುಮತ ಯಾವ ಕಡೆಗಿತ್ತೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಭಿನ್ನಮತವೆಲ್ಲ ಆ 91ರಲ್ಲಿ ಅಡಗಿತ್ತೆಂದು ನಂಬಲಾರೆ. ಮತಗಟ್ಟೆಗೆ ಬಾರದ ಹತ್ತೂವರೆ ಸಾವಿರ ಮಂದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲ!

ನಮ್ಮ ಭಾಗದಲ್ಲಿ ವಯಸ್ಕರೆಲ್ಲ ಮತ ಹಾಕಿದ ಮೊದಲ ವಿಧಾನಸಭಾ ಚುನಾವಣೆ 1952ರದು. ಅಭ್ಯರ್ಥಿಗೊಂದು ಪೆಟ್ಟಿಗೆ, ಅದರ ಮೇಲೊಂದು ಚಿಹ್ನೆ. ಚೀಟಿಗೆ ಮುದ್ರೆ ಒತ್ತುವ ಗೋಜಿಲ್ಲ, ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. ಎರಡು ಕಡೆ ಮುದ್ರೆ ಬಿದ್ದು ಮತ ಕೆಡುವ ಕಾಲ ಆಮೇಲಿನದು. ಓದು ಬಾರದವರೂ ಆ ಪೆಟ್ಟಿಗೆಗಳ ಮುಂದೆ ತಮ್ಮ ಆಯ್ಕೆ ಹೇಳಬಹುದಿತ್ತು. ಆದರೆ 1948ರ ಪ್ರಶ್ನೆ ಅಲ್ಲಿರಲಿಲ್ಲ. 1956ರಲ್ಲಿ ಈ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದಾಗಲೂ ಯಾವ ಪೆಟ್ಟಿಗೆಯನ್ನೂ ಇಡಲಿಲ್ಲ.