ಕೇರಳದ ಮರಳು, ಅಮ್ಮನ ಕತ್ತಿನ ನಾಲ್ಕು ಕಾಳು

ಕೊಚ್ಚಿ, ತಿರುವನಂತಪುರದಲ್ಲಿ ಕೂತು ಕೋಡ್ ಬರೆಯೋ ನಮ್ಮ ಕನ್ನಡದವರಿಗೆ ಇವತ್ತು ಸ್ವಲ್ಪ ಬೇರೆ ಥರದ ಇತಿಹಾಸ. ನಾನು ಡಾಕ್ಟರ್ ಅಲ್ಲ, ಎಂಟೆಕ್ ಮಾಡಿದ ಸಾಫ್ಟ್‌ವೇರ್‌ನವನು, ಅದು ನೆನಪಿರಲಿ.

ಹೋದ ವರ್ಷ ಅಮ್ಮನಿಗೆ ಇಲ್ಲೇ ಕೊಚ್ಚಿಯಲ್ಲಿ ಥೈರಾಯ್ಡ್ ಆಪರೇಷನ್ ಆಯ್ತು. ಮರುದಿನ ಬೆಳಗ್ಗೆ, "ಬಾಯಿ ಸುತ್ತ ಜುಮ್ ಅಂತಿದೆ ಕಣೋ, ಬೆರಳು ಸೆಟೆದುಕೊಳ್ತಿದೆ" ಅಂದ್ರು. ರಕ್ತದಲ್ಲಿ ಕ್ಯಾಲ್ಸಿಯಂ 7.1 ಇತ್ತು. ಇರಬೇಕಾದ್ದು ಸುಮಾರು 8.5ರಿಂದ 10.5. ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ಕೊಟ್ಟರು. ಆ ರಾತ್ರಿ ಬೆಡ್ ಪಕ್ಕ ಕೂತು ಓದಿದ್ದೇ ಈ ಕತೆ.

ಥೈರಾಯ್ಡ್‌ನ ಬೆನ್ನಿಗೆ ಅಂಟಿಕೊಂಡು ಅಕ್ಕಿಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಖಡ್ಗಮೃಗವೊಂದನ್ನು 1850ರ ಸುಮಾರಿಗೆ ಕೊಯ್ದು ನೋಡಿದ ರಿಚರ್ಡ್ ಓವನ್ ಇದನ್ನು ಗುರುತಿಸಿದ್ದ. ಮನುಷ್ಯರಲ್ಲಿ ಇದೆ ಅಂತ 1880ರಲ್ಲಿ ಬರೆದವನು ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರೋಮ್. ಕ್ಯಾಲ್ಸಿಯಂ ಇಳಿದರೆ ಈ ಕಾಳುಗಳು ಹಾರ್ಮೋನ್ ಬಿಡುತ್ತವೆ, ಏರಿದರೆ ನಿಲ್ಲಿಸುತ್ತವೆ. ಆಪರೇಷನ್‌ನಲ್ಲಿ ರಕ್ತದ ಹರಿವು ಕಡಿಮೆಯಾದರೆ ಕೆಲವು ದಿನ ಮಂಕಾಗುತ್ತವೆ.

ವಿಚಿತ್ರ ಏನು ಗೊತ್ತಾ? ಹಾರ್ಮೋನ್ ಬಿಡುವ ಬೇರೆ ಬಹುತೇಕ ಜೀವಕೋಶಗಳಲ್ಲಿ ಒಳಗೆ ಕ್ಯಾಲ್ಸಿಯಂ ಏರಿದರೆ ಸ್ರಾವ ಜಾಸ್ತಿಯಾಗುತ್ತೆ. ಇಲ್ಲಿ ಉಲ್ಟಾ, ಕಡಿಮೆಯಾಗುತ್ತೆ. ಹಾಗಾದರೆ ಹೊರಗಿನ ಕ್ಯಾಲ್ಸಿಯಂ ಅಳೆಯೋರು ಯಾರು? ಚಾನಲ್ ಮೂಲಕ ಸುಮ್ಮನೆ ಒಳಗೆ ಹರಿದು ಬರ್ತಿದೆಯೋ, ಗೋಡೆಯ ಮೇಲೇ ಒಂದು ಸೆನ್ಸರ್ ಇದೆಯೋ?

ಉತ್ತರಕ್ಕೆ ಬೇಕಾದ ಮೂಲವಸ್ತುವಿನ ಬಳಗ ನಮ್ಮ ಕಾಲಡಿಯ ಮರಳಲ್ಲೇ ಇದೆ. 1909ರಲ್ಲಿ ಶೋಂಬರ್ಗ್ ಎಂಬ ಜರ್ಮನ್ ಕೆಮಿಸ್ಟ್, ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಲ್ಲಿ ಮೋನಜೈಟ್ ಕಂಡ. ಆಗ ಬೇಕಾಗಿದ್ದು ಗ್ಯಾಸ್‌ಲೈಟ್ ಮ್ಯಾಂಟಲ್‌ಗೆ ಥೋರಿಯಂ. ಜೊತೆಗಿದ್ದ ಸೀರಿಯಂ, ಲ್ಯಾಂಥನಂ, ಅಲ್ಪ ಗ್ಯಾಡೋಲಿನಿಯಂ, ಇವು ಅಪರೂಪದ ಲೋಹಗಳು. ಇವನ್ನು ಬೇರ್ಪಡಿಸಲು ಕೊಚ್ಚಿ ಪಕ್ಕದ ಆಲುವದಲ್ಲಿ ಇಂಡಿಯನ್ ರೇರ್ ಅರ್ತ್ಸ್ ಕಾರ್ಖಾನೆ 1952ರ ಡಿಸೆಂಬರ್‌ನಲ್ಲಿ ಶುರುವಾಯ್ತು, ನೆಹರು ಬಂದು ಉದ್ಘಾಟಿಸಿದರು.

ಈ ಲೋಹಗಳ ಅಯಾನುಗಳು ಗಾತ್ರದಲ್ಲಿ ಹೆಚ್ಚುಕಡಿಮೆ ಕ್ಯಾಲ್ಸಿಯಂನಷ್ಟೇ, ಆದರೆ ಚಾರ್ಜ್ 2ರ ಬದಲು 3. ಅದಕ್ಕೇ ಕ್ಯಾಲ್ಸಿಯಂನ ಜಾಗದಲ್ಲಿ ಕೂತು ಮೋಸ ಮಾಡುತ್ತವೆ. ಲ್ಯಾಂಥನಂ ಕ್ಯಾಲ್ಸಿಯಂ ಚಾನಲ್‌ನ ಬಾಗಿಲನ್ನೇ ಮುಚ್ಚುತ್ತೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಕಟ್ಟಿದ, ಮುಂದೆ ನಮ್ಮ ಮಣಿಪಾಲ್ ಅಕಾಡೆಮಿಯ ಮೊದಲ ಕುಲಪತಿಯಾದ ಡಾ. ಎಂ. ಎಸ್. ವಲಿಯತ್ತಾನ್ ಇದನ್ನು ಹೃದಯದಲ್ಲಿ ಹುಡುಕಿದರು. ಕೇರಳದ ಬಡ ಮಕ್ಕಳು, ಯುವಕರ ಹೃದಯದ ಒಳಪದರ ಗಟ್ಟಿಯಾಗುವ ಕಾಯಿಲೆ, ಎಂಡೋಮಯೋಕಾರ್ಡಿಯಲ್ ಫೈಬ್ರೋಸಿಸ್. ಅಂಥ ಹೃದಯಗಳಲ್ಲಿ ಸೀರಿಯಂ ಹೆಚ್ಚು, ಮೆಗ್ನೀಸಿಯಂ ಕಡಿಮೆ ಅಂತ ಕಂಡು, 1989ರಲ್ಲಿ ಅವರ ತಂಡ ಕಾರಣ ಮಣ್ಣಿನಲ್ಲಿದೆ ಎಂಬ ವಾದ ಮಂಡಿಸಿತು. ಅದು ಸಾಬೀತಾಗಲೇ ಇಲ್ಲ. ಆಮೇಲೆ ಮರಳು ಅಲ್ಲೇ ಉಳಿಯಿತು, ಕಾಯಿಲೆ ಕಡಿಮೆಯಾಯಿತು. ಊಟ ಸುಧಾರಿಸಿ ಮೆಗ್ನೀಸಿಯಂ ಸಿಕ್ಕಿದ್ದಕ್ಕೇ ಅಂತಲೂ ಹೇಳಬಹುದು. ನನಗನ್ನಿಸೋದು, ಸೋತ ವಾದ ಅಂತ ಬದಿಗಿಡುವಷ್ಟು ಅದು ಹಗುರವಲ್ಲ.

ಈ ಮೋಸಗಾರ ಬಳಗವೇ 1993ರಲ್ಲಿ ಬೋಸ್ಟನ್ನಿನ ಎಡ್ವರ್ಡ್ ಬ್ರೌನ್, ಸ್ಟೀವನ್ ಹೆಬರ್ಟ್ ತಂಡಕ್ಕೆ ಟೆಸ್ಟ್ ಇನ್‌ಪುಟ್ ಆಯ್ತು. (ಅವರ ಗ್ಯಾಡೋಲಿನಿಯಂ ಆಲುವದ್ದು ಅಂತ ನಾನು ಹೇಳ್ತಿಲ್ಲ!) ಹಸುಜಾತಿಯ ಪ್ಯಾರಾಥೈರಾಯ್ಡ್‌ನ ಆರ್‌ಎನ್‌ಎಯನ್ನು ಕಪ್ಪೆಯ ಮೊಟ್ಟೆಗೆ ಚುಚ್ಚಿದರು, ಹೊರಗೆ ಗ್ಯಾಡೋಲಿನಿಯಂ ಹಾಕಿದರು. ಮೊಟ್ಟೆಯೊಳಗೆ ಬಚ್ಚಿಟ್ಟ ಕ್ಯಾಲ್ಸಿಯಂ ಹೊರಬಿತ್ತು, ಅದು ಕ್ಲೋರೈಡ್ ಚಾನಲ್‌ಗಳನ್ನು ತೆರೆಯಿತು, ಎಲೆಕ್ಟ್ರೋಡ್‌ನಲ್ಲಿ ಕರೆಂಟ್ ಕಾಣಿಸಿತು. ಹೊರಗಿನ ಅಯಾನನ್ನು ಗುರುತಿಸುವ ರಿಸೆಪ್ಟರ್ ಗೋಡೆಯಲ್ಲೇ ಇದೆ ಎಂದಾಯ್ತು. ಅದಕ್ಕೆ ತಟ್ಟುವ ಸಿನಾಕ್ಯಾಲ್ಸೆಟ್ ಮಾತ್ರೆಗೆ ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು. ಗ್ರಂಥಿ ಅತಿಯಾಗಿ ಕೆಲಸ ಮಾಡುವ ಡಯಾಲಿಸಿಸ್ ರೋಗಿಗಳಿಗೆ ಅದು ಆಸರೆ.

ಅಮ್ಮನದ್ದು ತದ್ವಿರುದ್ಧ ಸಮಸ್ಯೆ, ಆ ಮಾತ್ರೆ ಅವರಿಗೆ ಬೇಡ. ಐದನೇ ವಾರಕ್ಕೆ ಕಾಳುಗಳು ಎಚ್ಚೆತ್ತವು, ಕ್ಯಾಲ್ಸಿಯಂ 8.9ಕ್ಕೆ ಬಂತು. ಮಾತ್ರೆ ನಿಂತ ದಿನ ಅಮ್ಮ ಮಾಡಿದ ಮೊದಲ ಕೆಲಸ, ಬೆರಳು ಮಡಚಿ ಬಿಚ್ಚಿ ನೋಡಿ, ಚಪಾತಿ ಹಿಟ್ಟು ಕಲಸಿದ್ದು.